ಬಚ್ಚಲುಮನೆಯ ಜೀರ್ಣೋದ್ಧಾರ

ಹೊಸ ಮನೆ ಕಟ್ಟಿಸುವ ಗೃಹಸ್ಥನು ದೇವರಮನೆ ಯಾವ ಮೂಲೆಗೆ ಬರಬೇಕು, ಅಡಿಗೆಮನೆಯ ಒಲೆ ಯಾವ ದಿಕ್ಕಿಗಿರಬೇಕು, ತಲೆಬಾಗಿಲಿಗೆ ಎಂಥ ಮರ ತರಿಸಬೇಕು ಎಂದು ತಿಂಗಳುಗಟ್ಟಲೆ ಆಲೋಚಿಸುತ್ತಾನೆ. ಬಚ್ಚಲುಮನೆಯ ಮಾತು ಬಂದಾಗ ಮಾತ್ರ, ಮಿಕ್ಕ ಜಾಗದಲ್ಲಿ ಅದೊಂದನ್ನು ಸೇರಿಸಿಬಿಡಿ ಎಂದು ಮೇಸ್ತ್ರಿಗೆ ಹೇಳಿ ಸುಮ್ಮನಾಗುತ್ತಾನೆ. ನಾವೂ ಹಾಗೆಯೇ ಮಾಡಿದವರು. ಅದರ ಫಲವನ್ನು ಅನುಭವಿಸಿದವರು ಮಾತ್ರ ನಾವಲ್ಲ, ನಮ್ಮ ತಾಯಿಯವರು. ಆ ಕಾರಣದಿಂದಲೇ ಈ ಲೇಖನವನ್ನು ಬರೆಯಬೇಕಾಯಿತು.

ಚನ್ನಗಿರಿಯಲ್ಲಿರುವ ನಮ್ಮ ಮನೆ ತಂದೆಯವರ ಕಾಲದ್ದು. ಅದರ ಬಚ್ಚಲುಮನೆ ಈ ಸೀಮೆಯ ಹಳೆಯ ಬಚ್ಚಲುಗಳಂತೆಯೇ ಇದ್ದಿತು. ಮೂಲೆಯಲ್ಲಿ ಒಲೆಯ ಮೇಲೆ ಹೂತಿಟ್ಟ ತಾಮ್ರದ ಹಂಡೆ, ಅದರ ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ನಡುವೆ ಉಳಿಯಿಂದ ಹೊಡೆದ ನಾಲ್ಕಡಿ ಉದ್ದದ ಕಲ್ಲುಚಪ್ಪಡಿ, ಮೇಲೆ ಒಂದು ಗವಾಕ್ಷಿ. ಅಡಿಕೆಯ ಸಿಪ್ಪೆಯನ್ನು ಒಟ್ಟಿ ಬೆಂಕಿ ಮಾಡಿದರೆ ಬೆಳಗಿನ ಜಾವದಿಂದ ಹೊತ್ತೇರುವವರೆಗೂ ನೀರು ಬಿಸಿಯಾಗಿರುತ್ತಿದ್ದಿತು. ಗೋಡೆಗಳು ಕಪ್ಪಾಗಿದ್ದುವು, ಹೊಗೆಗೆ ಕಣ್ಣುರಿಯುತ್ತಿದ್ದಿತು. ಇವು ಸುಳ್ಳಲ್ಲ. ನಿವೃತ್ತರಾದ ವರ್ಷ ಕೈಗೆ ಬಂದ ಹಣದಲ್ಲಿ ಒಂದು ಭಾಗವನ್ನು ವ್ಯಯಿಸಿ, ಈ ಕತ್ತಲೆಯ ಕೋಣೆಯನ್ನು ಬೆಳಕಾಗಿಸಬೇಕೆಂದು ನಿಶ್ಚಯಿಸಿದೆವು. ನೆಲಕ್ಕೂ ಗೋಡೆಗೂ ಕನ್ನಡಿಯಂತೆ ಹೊಳೆಯುವ ಬಿಳಿಯ ಟೈಲ್ಸುಗಳು ಬಂದುವು. ಅಂಗಡಿಯಲ್ಲಿ ಅವುಗಳನ್ನು ಆರಿಸಿದವರು ನಾವೇ. ಹಂಡೆಯು ಅಟ್ಟ ಸೇರಿತು, ಚಪ್ಪಡಿಯು ಹಿತ್ತಿಲಿಗೆ ಹೋಗಿ ಬಟ್ಟೆಯೊಗೆಯುವ ಕಲ್ಲಾಯಿತು. ಬಂದ ನೆಂಟರಿಗೆಲ್ಲ ನಮ್ಮ ಬಚ್ಚಲುಮನೆಯನ್ನು ತೋರಿಸಿ ಸಂತೋಷಪಟ್ಟೆವು.

ಮರುವರ್ಷದ ನೀರು ತುಂಬುವ ಹಬ್ಬದ ದಿನ ಎಂಬತ್ತಮೂರು ವಯಸ್ಸಿನ ನಮ್ಮ ತಾಯಿಯವರು, ಸಂಪ್ರದಾಯವನ್ನು ಬಿಡಲಾರದೆ, ಅಟ್ಟದಿಂದ ಹಂಡೆಯನ್ನು ಇಳಿಸಿಕೊಟ್ಟರೆ ಹುಣಿಸೆಹಣ್ಣು ಹಚ್ಚಿ ತಾವೇ ಬೆಳಗುವುದಾಗಿ ಹೇಳಿದರು. ಬೆಳಗಿದರು, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಿಂಡಲೆಯ ಬಳ್ಳಿಯನ್ನು ಕಟ್ಟಿದರು. ಎದ್ದು ನಿಲ್ಲುವಾಗ ಒದ್ದೆಯ ಟೈಲ್ಸಿನ ಮೇಲೆ ಕಾಲು ಜಾರಿತು. ಸೊಂಟದ ಕೀಲಿನ ಬಳಿ ಮೂಳೆ ಮುರಿಯಿತು. ಮರುದಿನ ನರಕಚತುರ್ದಶಿಯ ಅಭ್ಯಂಜನದ ಹೊತ್ತಿಗೆ ನಾವು ದಾವಣಗೆರೆಯ ಆಸ್ಪತ್ರೆಯೊಂದರ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆವು.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮನೆಗೆ ಬಂದ ಮೇಲೆ ಕಷ್ಟವು ಬೇರೊಂದು ರೂಪದಲ್ಲಿ ತಲೆದೋರಿತು. ನಮ್ಮ ಧರ್ಮಶಾಸ್ತ್ರಗಳು ಸ್ನಾನವನ್ನು ಮಾಂತ್ರ, ಭೌಮ, ಆಗ್ನೇಯ, ವಾಯವ್ಯ, ದಿವ್ಯ, ವಾರುಣ, ಮಾನಸ ಎಂದು ಏಳು ಬಗೆಯಾಗಿ ಎಣಿಸಿ, ಅಶಕ್ತರಿಗೆ ಒದ್ದೆಬಟ್ಟೆಯಿಂದ ಮೈಯೊರೆಸುವ ಕಾಪಿಲಸ್ನಾನವನ್ನೂ ವಿಧಿಸಿವೆ. ಇದನ್ನೆಲ್ಲ ವಿಸ್ತರಿಸಿ ತಾಯಿಯವರಿಗೆ ಸಮಾಧಾನ ಹೇಳಲು ಹೋದೆವು. ಅವರು ಕೇಳಿಸಿಕೊಂಡು, “ಇನ್ನೊಬ್ಬರ ಕೈಲಿ ಮೈ ತೊಳೆಸಿಕೊಳ್ಳೋದು ಕೂಸಿಗೆ ಚೆಂದ ಕಣಪ್ಪ, ನನಗಲ್ಲ” ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದರು. ಸೊಸೆಯು ಅಕ್ಕರೆಯಿಂದಲೇ ಸೇವೆ ಮಾಡುತ್ತಿದ್ದರೂ ಅವರ ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಬಾಗಿಲು ಮುಚ್ಚಿಕೊಂಡು ತಾವೊಬ್ಬರೇ ನಾಲ್ಕು ಚೆಂಬು ನೀರು ಹೊಯ್ದುಕೊಳ್ಳುವುದು ಅವರಿಗೆ ಎಷ್ಟು ದೊಡ್ಡದೆಂಬುದು ನಮಗೆ ಆಗ ತಿಳಿಯಿತು. ಬಚ್ಚಲನ್ನು ಎರಡನೆಯ ಸಲ ಒಡೆಯಿಸಲು ಕಾರಣ ಇದೇ.

ಈ ಸಲ ಅಂದವನ್ನು ಬದಿಗಿಟ್ಟು ಪಾದದಿಂದ ಮೊದಲುಮಾಡಿದೆವು. ಬಚ್ಚಲಿನ ನೆಲವನ್ನು ಒಣಗಿದಾಗ ನೋಡಿ ಒಪ್ಪತಕ್ಕದ್ದಲ್ಲ. ಸಾಬೂನಿನ ನೀರು ಹೊಯ್ದು, ಬರಿಗಾಲಿನಲ್ಲಿ ನಿಂತು ಪರೀಕ್ಷಿಸತಕ್ಕದ್ದು. ಅಂಗಡಿಯಲ್ಲಿ ಒಂದು ಬಿಲ್ಲೆಯನ್ನು ಕೇಳಿ ಮನೆಗೆ ತಂದು ಹೀಗೆ ನೋಡುವುದಕ್ಕೆ ಯಾರೂ ಅಡ್ಡಿಪಡಿಸರು. ಟೈಲ್ಸೇ ಬೇಕೆಂದಿದ್ದರೆ ಮೈ ಒರಟಾದುದನ್ನೂ, ಅಳತೆಯಲ್ಲಿ ಚಿಕ್ಕದಾದುದನ್ನೂ ಆರಿಸುವುದು ಲೇಸು. ಬಿಲ್ಲೆ ಚಿಕ್ಕದಾದಷ್ಟೂ ಸಂದುಗಳು ಹೆಚ್ಚು, ಸಂದುಗಳು ಹೆಚ್ಚಿದಷ್ಟೂ ಕಾಲಿಗೆ ಹಿಡಿತ. ನಾವು ಇದನ್ನೆಲ್ಲ ಲೆಕ್ಕ ಹಾಕುತ್ತಿರುವಾಗ ಮುದುಕನಾದ ಒಬ್ಬ ಗಾರೆಯ ಮೇಸ್ತ್ರಿ ಹಿತ್ತಿಲಿಗೆ ಹೋಗಿ ಬಂದು, “ಮೇಷ್ಟ್ರೇ, ಆ ಒಗೆಯೋ ಕಲ್ಲಿನ ಮೇಲೆ ನಿಮ್ಮ ಮನೇಲಿ ಎಷ್ಟು ಜನ ಬಿದ್ದಿದ್ರು?” ಎಂದು ಕೇಳಿದನು. ಯಾರೂ ಬಿದ್ದುದಿಲ್ಲ. ಐವತ್ತು ವರ್ಷ ಸ್ನಾನ ಮಾಡಿದರೂ ಅದರ ಉಳಿಯ ಗುರುತು ಸವೆದಿರಲಿಲ್ಲ. ಆ ದಿನವೇ ನಾಲ್ವರು ಸೇರಿ ಚಪ್ಪಡಿಯನ್ನು ಒಳಗೆ ತಂದರು. ಈಗ ಮೀಯುವ ಜಾಗದಲ್ಲಿ ಅದೇ ಇದೆ. ಸುತ್ತಲೂ ಒರಟಾದ ಚಿಕ್ಕ ಟೈಲ್ಸುಗಳಿವೆ.

ಮೊದಲ ಸಲ ನೆಲದ ವಾಟವೂ ಕೆಟ್ಟಿದ್ದಿತು. ನೀರು ಮೋರಿಯ ಕಡೆಗೆ ಹೋಗದೆ ಬಾಗಿಲ ಬಳಿ ನಿಲ್ಲುತ್ತಿದ್ದಿತು. ನಿಂತಲ್ಲಿ ಪಾಚಿ ಕಟ್ಟುತ್ತಿದ್ದಿತು. ಐದಡಿಗೆ ಒಂದು ಅಂಗುಲದಷ್ಟು ಇಳಿಜಾರಿದ್ದರೆ ನೀರು ತಾನಾಗಿ ಹರಿಯುತ್ತದೆ, ನಿಂತವನಿಗೆ ಓರೆಯೂ ತೋರದು. ನೆಲಕ್ಕೆ ನೀರು ಇಂಗದಂತೆ ಮದ್ದು ಬಳಿದ ಮೇಲೆ, ಟೈಲ್ಸು ಹಾಕುವ ಮುನ್ನವೇ, ಮೋರಿಗೆ ಬಿರಡೆಯಿಟ್ಟು ಎರಡಂಗುಲ ನೀರು ನಿಲ್ಲಿಸಿ, ಅದರ ಮಟ್ಟಕ್ಕೆ ಗೋಡೆಯ ಮೇಲೆ ಗೆರೆಯೆಳೆದು ಎರಡು ದಿನ ಬಿಡಬೇಕು. ನೀರು ಗೆರೆಗಿಂತ ಬಹಳವಾಗಿ ಇಳಿದರೆ, ಅಥವಾ ಆಚೆಯ ಗೋಡೆ ನೆಮ್ಮಿದರೆ, ಮುಂದಿನ ಕೆಲಸವನ್ನು ನಿಲ್ಲಿಸಬೇಕು. ಕೆಲಸದವರಿಗೆ ಈ ಎರಡು ದಿನ ಸುಮ್ಮನಿರುವುದು ಹಿತವಲ್ಲ; ನಾವು ಬಿಗಿಯಾಗಿರಬೇಕು. ಮೊಹೆಂಜೊದಾರೊವಿನಲ್ಲಿ ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಕಟ್ಟಿದ ಮಹಾಸ್ನಾನಗೃಹವೊಂದು ಇದೆ. ಸುಮಾರು ೩೯ ಅಡಿ ಉದ್ದ, ೨೩ ಅಡಿ ಅಗಲ, ೮ ಅಡಿ ಆಳವುಳ್ಳ ಆ ಕೊಳದ ಇಟ್ಟಿಗೆಯ ಗೋಡೆಗಳ ಹಿಂದೆ ನೀರು ಸೋರದಂತೆ ಕಲ್ಲರಗಿನ ಲೇಪ ಕೊಟ್ಟಿದ್ದರು. ನಮ್ಮ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಹನುಮಪ್ಪನಾಯಕನು ೧೬ನೆಯ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿಯನ್ನು ನೋಡಿದವರಿಗೂ, ನೀರಿನ ಕೆಲಸದಲ್ಲಿ ಹಿಂದಿನವರ ತಾಳ್ಮೆ ಎಂಥದೆಂಬುದು ತಿಳಿದೀತು. ಆರಡಿಯ ಬಚ್ಚಲಿಗೆ ನಮಗೆ ಆತುರವೇಕೆ?

ಹಿಡಿಕೆಗಳ ವಿಷಯ. ಗೋಡೆಗೆ ಉಕ್ಕಿನ ಹಿಡಿಕಂಬಿಗಳನ್ನು ನೆಲದಿಂದ ೩೩ರಿಂದ ೩೬ ಅಂಗುಲ ಎತ್ತರದಲ್ಲಿ ಹಾಕಿಸಬೇಕು. ಕಂಬಿಗೂ ಗೋಡೆಗೂ ನಡುವೆ ಬೆರಳುಗಳು ಸಲೀಸಾಗಿ ತೂರುವಂತೆ ಒಂದೂವರೆ ಅಂಗುಲ ಸಂದಿರಬೇಕು. ಟವೆಲ್ಲು ಹಾಕುವ ತೆಳುವಾದ ಕಂಬಿಯನ್ನು ನಂಬಿ ಎಂದಿಗೂ ಭಾರ ಬಿಡಬಾರದು, ಅದು ಕಿತ್ತು ಬರುತ್ತದೆ. ನಮ್ಮದು ಹಳೆಯ ಮಣ್ಣುಗೋಡೆಯಾದುದರಿಂದ ತಿರುಪುಗಳು ಹಿಡಿಯಲಿಲ್ಲ. ಗೋಡೆಯ ಆಚೆಗೆ ಕಬ್ಬಿಣದ ಪಟ್ಟಿಯಿಟ್ಟು, ಉದ್ದನೆಯ ಬೋಲ್ಟುಗಳನ್ನು ಈ ಕಡೆಯಿಂದ ಆ ಕಡೆಗೆ ತೂರಿಸಿ ಬಿಗಿಸಬೇಕಾಯಿತು. ಬಿಗಿಸಿದ ಮೇಲೆ ಮೊದಲು ಜೋತುಬಿದ್ದವರು ನಾವು. ಮೇಸ್ತ್ರಿ ನಕ್ಕನು, ನಗಲಿ.

ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾದರೆ, ಒಳಕ್ಕೆ ತೆರೆಯುವ ಬಾಗಿಲನ್ನು ನೂಕುವುದು ಅಸಾಧ್ಯ. ಚಿಲಕವು ಹೊರಗಿನಿಂದಲೂ ಬಿಡಿಸಲು ಬರುವಂಥದಾಗಿರಲಿ. ನಮ್ಮ ಬಚ್ಚಲಿಗೆ ನಾಲ್ಕಂಗುಲದ ಹೊಸ್ತಿಲಿದ್ದಿತು. ಅದನ್ನು ತೆಗೆದು, ಬಾಗಿಲ ಅಡ್ಡಕ್ಕೆ ಜಾಲರಿ ಹೊದಿಸಿದ ಸಣ್ಣ ಕಾಲುವೆಯನ್ನು ಮಾಡಿಸಿದುದರಿಂದ ನೀರೂ ಹೊರಬರುವುದಿಲ್ಲ, ಕಾಲೂ ಎಡವುವುದಿಲ್ಲ. ಕುಳಿತು ಮೀಯಲು ೧೮ ಅಂಗುಲ ಎತ್ತರದ, ಕಾಲುಗಳಿಗೆ ರಬ್ಬರು ಹಾಕಿದ ಪೀಠವನ್ನಿಟ್ಟೆವು. ತಾಯಿಯವರಿಗೆ ಮಣೆಯ ಮೇಲೆ ಕುಳಿತೇ ಅಭ್ಯಾಸ. ಆದರೆ ಮಣೆಯಿಂದ ಏಳುವುದೇ ಅವರಿಗೆ ಈಗ ಪರ್ವತವೇರಿದಂತೆ. ಬಕೀಟು ನೆಲದ ಮೇಲಿದ್ದರೆ ಬಗ್ಗಬೇಕಾಗುತ್ತದೆಂದು, ಪೀಠದ ಬಲಗಡೆಗೆ ಅದೇ ಎತ್ತರದ ಒಂದು ಕಟ್ಟೆಯನ್ನೂ ಕಟ್ಟಿಸಿದೆವು. ದೀಪದ ಗುಂಡಿ ಬಾಗಿಲ ಹೊರಗೆ, ಕರೆಗಂಟೆಯ ಗುಂಡಿ ಪೀಠದಿಂದ ಕೈಗೆಟಕುವಷ್ಟು ತಗ್ಗಿನಲ್ಲಿ.

ಇನ್ನು ಬಿಸಿನೀರು. ತಾಮ್ರದ ಹಂಡೆಯನ್ನು ಬಿಡುವುದೇ, ಇಟ್ಟುಕೊಳ್ಳುವುದೇ ಎಂದು ಮನೆಯಲ್ಲಿ ವಾದವೇ ನಡೆಯಿತು. ನಮ್ಮ ಮಗನಿಗೆ ಗೀಸರು ಬೇಕು, ತಾಯಿಯವರಿಗೆ ಹಂಡೆ. ಕಡೆಗೆ ಹಂಡೆಯನ್ನು ಬಚ್ಚಲ ಹೊರಗೋಡೆಗೆ ಒತ್ತಿದ ಮಾಡಿನ ಕೆಳಗೆ ಹೂಳಿಸಿ, ಒಲೆಯ ಬಾಯಿಯನ್ನು ಹಿತ್ತಿಲ ಕಡೆಗೆ ತಿರುಗಿಸಿ, ತಳದಿಂದ ಒಂದು ಕೊಳಾಯಿಯನ್ನು ಒಳಗೆ ತೆಗೆದುಕೊಂಡೆವು. ಅಡಿಕೆಯ ಸಿಪ್ಪೆಗೆ ನಮ್ಮೂರಿನಲ್ಲಿ ಬಡತನವಿಲ್ಲ; ಹೊಗೆಯು ಈಗ ಯಾರ ಕಣ್ಣಿಗೂ ಬಾರದು. ನಿತ್ಯದ ಬಳಕೆಗೆ ಮಾಳಿಗೆಯ ಮೇಲೆ ತೆಂಕಣ ದಿಕ್ಕಿಗೆ ಮುಖಮಾಡಿದ ಸೋಲಾರು ಇದೆ. ಆಷಾಢ ಶ್ರಾವಣಗಳಲ್ಲಿ ಸೂರ್ಯನು ಮುಖ ತೋರದಿದ್ದಾಗ ಹಂಡೆಯೇ ಗತಿ.

ಎಲೆಕ್ಟ್ರಿಕ್ ಗೀಸರು ಇಡುವವರು ಭೂಸಂಪರ್ಕದ ತಂತಿಯನ್ನೂ, ೩೦ ಮಿಲಿ ಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಸುರಕ್ಷಾಗುಂಡಿಯನ್ನೂ ಹಾಕಿಸದೆ ಒಂದು ದಿನವೂ ಬಳಸಬಾರದು. ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಇಡಲೇಬಾರದು. ಮುಚ್ಚಿದ ಕೋಣೆಯಲ್ಲಿ ಅದು ಉರಿಯುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೀಯುವವರು ಅರಿವಿಲ್ಲದೆಯೇ ಕುಸಿಯುತ್ತಾರೆ. ಇಂಥ ಮರಣಗಳ ವಾರ್ತೆ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ವೃದ್ಧರೂ ಮಕ್ಕಳೂ ಇರುವ ಮನೆಯಲ್ಲಿ ಬಕೀಟಿಗೆ ಮೊದಲು ತಣ್ಣೀರನ್ನೇ ಬಿಡತಕ್ಕದ್ದು, ಅನಂತರ ಬಿಸಿನೀರು. ಬಿಸಿನೀರಿನ ಸ್ನಾನವು ದೇಹದ ಕೆಳಭಾಗಕ್ಕೆ ಬಲಕರವೆಂದೂ, ತಲೆಯ ಮೇಲೆ ಹೊಯ್ದುಕೊಂಡರೆ ಕೂದಲಿಗೂ ಕಣ್ಣಿಗೂ ಅಹಿತವೆಂದೂ ಅಷ್ಟಾಂಗಹೃದಯವು ಹೇಳುತ್ತದೆ. ಈ ಮಾತನ್ನು ನಮ್ಮ ತಾಯಿಯವರು ಮಾತ್ರ ಎಂದೂ ಒಪ್ಪಿದವರಲ್ಲ.

ಬಚ್ಚಲಿನ ಉಪಾಯಗಳು ಊರಿನ ನೀರನ್ನೂ ನೆಲವನ್ನೂ ಅನುಸರಿಸಿರಬೇಕು. ನಮ್ಮ ತಂಗಿಯನ್ನು ಕೊಟ್ಟಿರುವುದು ಜಗಳೂರಿಗೆ. ಅಲ್ಲಿ ಮಳೆ ಕಡಿಮೆ, ಕೊಳವೆಬಾವಿಯ ನೀರು ಗಡಸು. ಅಂಥ ನೀರನ್ನು ಕಾಯಿಸಿದಾಗ ಸುಣ್ಣದ ಅಂಶ ಬೇರ್ಪಟ್ಟು ಗೀಸರಿನೊಳಗೆ ಹಕ್ಕಳೆ ಕಟ್ಟುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಶುದ್ಧಿಮಾಡಿಸದಿದ್ದರೆ ವಿದ್ಯುತ್ತು ಹೆಚ್ಚು ಸುಟ್ಟು ನೀರು ತಡವಾಗಿ ಕಾಯುತ್ತದೆ. ನಲ್ಲಿಗಳ ಮೇಲಿನ ಬಿಳಿಯ ಕಲೆಗೆ ನಿಂಬೆಯ ಹೋಳು ಸಾಕು. ಆಸಿಡ್ಡನ್ನು ಹೊಯ್ದರೆ ಟೈಲ್ಸಿನ ಸಂದಿನ ಸಿಮೆಂಟು ತಿಂದುಹೋಗುತ್ತದೆ, ಅದರ ಜೊತೆ ಬ್ಲೀಚಿಂಗ್ ಪುಡಿ ಬೆರೆತರೆ ವಿಷವಾಯುವೇ ಏಳುತ್ತದೆ. ಆ ಸೀಮೆಯ ನೀರಿನಲ್ಲಿ ಫ್ಲೋರೈಡು ಅಧಿಕವಾಗಿರುವುದುಂಟು. ಮೀಯಲು ಅದರಿಂದ ಬಾಧೆಯಿಲ್ಲ, ಕುಡಿಯಲು ಮಾತ್ರ ಆಗದು. ಕುದಿಸಿದರೂ ಅದು ಹೋಗದು. ಮಳೆಯಂತೆ ಸುರಿಯುವ ಷವರನ್ನು ತಂಗಿಯ ಮಗ ತಂದಾಗ ಆಕೆ ಅದನ್ನು ಹಾಕಿಸಗೊಡಲಿಲ್ಲವಂತೆ. ನಿಮಿಷಕ್ಕೆ ಹತ್ತು ಲೀಟರಿನಂತೆ ಹರಿದರೆ ಎರಡೇ ನಿಮಿಷಕ್ಕೆ ಒಂದು ಬಕೀಟು. ಅವರ ಬಚ್ಚಲ ನೀರು ಮೋರಿಗೆ ಹೋಗದೆ, ಮರಳು ಜಲ್ಲಿಯ ಗುಂಡಿಯೊಂದರ ಮೂಲಕ ಬಾಳೆಯ ಬುಡಕ್ಕೂ ಕರಿಬೇವಿನ ಗಿಡಕ್ಕೂ ಹೋಗುತ್ತದೆ.

ಹೊನ್ನಾಳಿಯ ನಮ್ಮ ಭಾವಮೈದುನರದು ಇದಕ್ಕೆ ವಿರುದ್ಧವಾದ ಚಿಂತೆ. ತುಂಗಭದ್ರೆ ತುಂಬಿದಾಗ ತಗ್ಗಿನ ಓಣಿಗಳಿಗೆ ನೀರೇರುವ ಊರಿನಲ್ಲಿ ಮೋರಿಯೇ ಹಿಂದಕ್ಕೆ ಹರಿದು ಬಚ್ಚಲಿಗೆ ಬರುವ ಭಯವುಂಟು. ಅವರು ಬಚ್ಚಲ ನೆಲವನ್ನು ಬೀದಿಯ ಮೋರಿಗಿಂತ ಎತ್ತರಿಸಿ, ಹೊರಹೋಗುವ ಪೈಪಿಗೆ ಒಂದೇ ಕಡೆಗೆ ತೆರೆಯುವ ಕವಾಟವನ್ನು ಹಾಕಿಸಿದ್ದಾರೆ. ಎರೆಮಣ್ಣಿನ ನೆಲದಲ್ಲಿ ಇಂಗುಗುಂಡಿಯನ್ನು ತೋಡಿ ಕೆಟ್ಟವರನ್ನೂ ನಾವು ಬಲ್ಲೆವು. ಆ ಮಣ್ಣು ನೀರನ್ನು ಬೇಗ ಕುಡಿಯದು. ನ್ಯಾಮತಿಯಲ್ಲಿರುವ ಮಗಳ ಮನೆಯಲ್ಲಿ ತೊಂದರೆಯೆಂದರೆ ಜನ ಹೆಚ್ಚು, ಬಚ್ಚಲು ಒಂದೇ. ಅಲ್ಲಿ ಮೀಯುವ ಜಾಗ, ಶೌಚದ ಜಾಗ, ಕೈತೊಳೆಯುವ ಜಾಗ ಮೂರನ್ನೂ ಗೋಡೆಯಿಂದ ಬೇರ್ಪಡಿಸಿದ ಮಾತ್ರಕ್ಕೆ ಬೆಳಗಿನ ಜಗಳ ನಿಂತಿತು. ಬೇಸಿಗೆಯಲ್ಲಿ ಎಲ್ಲರೂ ಊರಿಗೆ ಹೋಗಿ ಬಂದಾಗ ಬಚ್ಚಲು ನಾರುತ್ತಿತ್ತೆಂದು ಮಗಳು ಬರೆದಿದ್ದಳು. ಮೋರಿಯ ಬಾಯಿಯೊಳಗೆ ವಾಸನೆಯನ್ನು ತಡೆಯಲು ಎರಡಂಗುಲ ನೀರು ಸದಾ ನಿಂತಿರುತ್ತದೆ, ಅದು ಒಣಗಿದರೆ ನಾತ ಮೇಲೇಳುತ್ತದೆ. ಒಂದು ತಂಬಿಗೆ ನೀರು ಹೊಯ್ದರೆ ಆಯಿತು.

ನಮ್ಮಲ್ಲಿ ಕೆಲಸ ಮುಗಿಯಲು ಇಪ್ಪತ್ತೆರಡು ದಿನ ಹಿಡಿಯಿತು. ಗಾರೆ ಒಣಗಿದ ಮೇಲೆ ಒಂದು ಶುಕ್ರವಾರ ಹಂಡೆಯ ಒಲೆಗೆ ಬೆಂಕಿಯಿಟ್ಟು, ತಾಯಿಯವರನ್ನು ಬಾಗಿಲವರೆಗೆ ನಡೆಸಿಕೊಂಡು ಹೋದೆವು. ಅವರು ಮೊದಲು ಚಪ್ಪಡಿಯನ್ನು ನೋಡಿದರು, ಅಂಗಾಲಿನಿಂದ ಎರಡು ಸಲ ತಿಕ್ಕಿದರು. ಕಂಬಿ ಹಿಡಿದು ಪೀಠದ ಮೇಲೆ ಕುಳಿತರು. ಸೊಸೆಯು ಒಳಗೆ ನಿಲ್ಲಹೋದಾಗ ಕೈಬೀಸಿ ಹೊರಗೆ ಕಳುಹಿಸಿದರು. ಬಾಗಿಲು ಮುಚ್ಚಿತು. ನಾವಿಬ್ಬರೂ ಪಡಸಾಲೆಯಲ್ಲಿ ಮಾತಿಲ್ಲದೆ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಚೆಂಬು ನೀರಿಗೆ ಮುಳುಗುವ ಸದ್ದು ಕೇಳಿತು, ಅನಂತರ ಕಲ್ಲಿನ ಮೇಲೆ ನೀರು ಬಿದ್ದ ಸದ್ದು. ಏಳನೆಯ ಚೆಂಬಿನ ಮೇಲೆ ನಾವು ಎಣಿಸುವುದನ್ನು ಬಿಟ್ಟೆವು.