ಸೂರಿನ ನೀರು, ಸೂರ್ಯನ ಬೆಳಕು: ಹಳ್ಳಿಯ ಶಾಲೆಗೊಂದು ಪಾಠ

ಬೆಂಗಳೂರಿನ ದಕ್ಷಿಣ ಭಾಗದ ಸಾರಕ್ಕಿ ಒಂದು ಕಾಲಕ್ಕೆ ಕೆರೆಯ ಆಸರೆಯಲ್ಲಿ ಬಾಳಿದ ಹಳ್ಳಿ. ಇಂದು ಅದು ಜೆ.ಪಿ. ನಗರದ ಬೀದಿಗಳಲ್ಲಿ ಬೆರೆತುಹೋಗಿದೆ. 80 ಎಕರೆಗೂ ಮಿಕ್ಕ ಅದರ ಕೆರೆಯ ಅಂಗಳದಲ್ಲಿ ಕಟ್ಟಡಗಳು ಎದ್ದಿದ್ದುವು. 2015ರ ಏಪ್ರಿಲ್‌ನಲ್ಲಿ ಆ ಒತ್ತುವರಿಯನ್ನು ಸರ್ಕಾರವು ತೆರವು ಮಾಡಿಸಬೇಕಾಯಿತು. ಕೆರೆ ಸೊರಗಿದರೂ ನಗರಕ್ಕೆ ನೀರು ತಪ್ಪಲಿಲ್ಲ. ಏಕೆಂದರೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರವನ್ನೇರಿ ನಗರವನ್ನು ಸೇರುತ್ತಿದೆ.

ಈ ಏರುವಿಕೆಗೆ ತಗಲುವ ಶಕ್ತಿಯೆಷ್ಟು? ಒಂದು ಘನ ಮೀಟರ್, ಎಂದರೆ 1,000 ಲೀಟರ್ ನೀರಿನ ತೂಕ 1,000 ಕಿಲೋಗ್ರಾಂ. ಅದನ್ನು 500 ಮೀಟರ್ ಎತ್ತಲು ಸುಮಾರು 49 ಲಕ್ಷ ಜೂಲ್ ಬೇಕು. ವಿದ್ಯುತ್ತಿನ ಲೆಕ್ಕದಲ್ಲಿ ಇದು 1.36 ಯೂನಿಟ್. ಪಂಪಿನಲ್ಲಿಯೂ ಕೊಳವೆಗಳಲ್ಲಿಯೂ ಆಗುವ ನಷ್ಟವನ್ನು ಸೇರಿಸಿದರೆ ಖರ್ಚು ಇನ್ನೂ ಹೆಚ್ಚು. ನೀರಿನ ಪ್ರಶ್ನೆಯೂ ಶಕ್ತಿಯ ಪ್ರಶ್ನೆಯೂ ಬೇರೆ ಬೇರೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಗರಕ್ಕೆ ಇಂಥ ಏರ್ಪಾಡು ಸಾಧ್ಯವಾಯಿತು. ಆದರೆ ದೂರದ ಹಳ್ಳಿಯ ಶಾಲೆಯೊಂದಕ್ಕೆ ಕಾವೇರಿಯ ಕೊಳವೆಯಿಲ್ಲ. ವಿದ್ಯುತ್ ತಂತಿ ಬಂದಿದ್ದರೂ ದೀಪ ಬೇಕೆಂದಾಗ ಉರಿಯುವ ಭರವಸೆಯಿಲ್ಲ. ತುಮಕೂರು ಜಿಲ್ಲೆಯ ಪಾವಗಡದಂಥ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿಮೀರಿರುವುದುಂಟು. ಅಂಥ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲುಗಳು ಕಲೆಗಟ್ಟುತ್ತವೆ; ವರ್ಷಗಳು ಕಳೆದಂತೆ ಮೂಳೆಗಳೂ ಕೀಲುಗಳೂ ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡು ಹೋಗದು. ಮಳೆಯ ನೀರಿನಲ್ಲಾದರೋ ಅದು ಬಹುಮಟ್ಟಿಗೆ ಇಲ್ಲವೇ ಇಲ್ಲ. ಸಮುದ್ರದ ನೀರನ್ನು ಆವಿಯಾಗಿಸಿ ಮೇಲೆತ್ತುವ ಕೆಲಸವನ್ನು ಸೂರ್ಯನೇ ಮಾಡಿ ಮುಗಿಸಿದ್ದಾನೆ. ಅದನ್ನು ಶಾಲೆಯ ಸೂರಿನಲ್ಲಿ ಹಿಡಿಯುವುದಷ್ಟೆ ನಮ್ಮ ಪಾಲಿನದು.

ಲೆಕ್ಕ ಹಾಕಿ ನೋಡೋಣ. ಶಾಲೆಯ ಚಾವಣಿ 100 ಚದರ ಮೀಟರ್. ವರ್ಷದ ಮಳೆ 500 ಮಿಲಿಮೀಟರ್ ಎಂದಿರಲಿ. ಚಾವಣಿಯ ಮೇಲೆ ಬೀಳುವ ನೀರು 50,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 40,000 ಲೀಟರ್ ಉಳಿಯುತ್ತದೆ. 100 ಮಕ್ಕಳಿಗೆ ದಿನಕ್ಕೆ 2 ಲೀಟರಿನಂತೆ 200 ದಿನಗಳ ಕುಡಿಯುವ ನೀರು ಇದು! ಆದರೆ ಮಳೆಯು ಕೆಲವೇ ತಿಂಗಳುಗಳಲ್ಲಿ ಸುರಿದು ಹೋಗುವುದರಿಂದ, ಒಣ ದಿನಗಳಿಗೆ ಬೇಕಾದಷ್ಟನ್ನು ತುಂಬಿಡುವ ತೊಟ್ಟಿ ಅವಶ್ಯಕ.

ಲೆಕ್ಕ ಇಷ್ಟು ಸುಲಭ. ಹಾಗಾದರೆ ತೊಡಕೆಲ್ಲಿ? ಕರ್ನಾಟಕವು ಉದಯಿಸಿ 50 ವರ್ಷಗಳಾದ ಸಂದರ್ಭದಲ್ಲಿ, 2006ರಲ್ಲಿ, ‘ಸುವರ್ಣಜಲ’ವೆಂಬ ಯೋಜನೆಯು ಕೈಗೊಳ್ಳಲ್ಪಟ್ಟಿತು. 23,000ಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳ ಚಾವಣಿಗಳಿಂದ ಮಳೆನೀರನ್ನು ಸಂಗ್ರಹಿಸುವುದು ಅದರ ಗುರಿ. ಉದ್ದೇಶವು ಉತ್ತಮವೇ, ಆದರೆ ಹಲವು ಶಾಲೆಗಳಲ್ಲಿ ಈ ಏರ್ಪಾಡು ಬಳಕೆಗೆ ಬಾರದೆ ಹೋಯಿತು. ತೊಟ್ಟಿಯನ್ನು ಕಟ್ಟುವುದು ಒಂದು ತಿಂಗಳ ಕೆಲಸ; ಕಾಪಾಡುವುದು ಪ್ರತಿದಿನದ ಕೆಲಸ. ಹಿಂದೆ ನಮ್ಮ ಕೆರೆಗಳಿಗೆ ನೀರುಗಂಟಿಯೆಂಬವನು ಇರುತ್ತಿದ್ದುದು ಇದಕ್ಕಾಗಿಯೇ. ತೂಬು ತೆರೆಯುವುದು, ಮುಚ್ಚುವುದು, ಕಾಲುವೆಯನ್ನು ನೋಡಿಕೊಳ್ಳುವುದು ಅವನ ಹೊಣೆ.

ಶಾಲೆಯ ತೊಟ್ಟಿಗೆ ನೀರುಗಂಟಿ ಯಾರು? ವಿದ್ಯಾರ್ಥಿಗಳೇ ಆಗಬಹುದೆಂದು ನಾವು ಹೇಳುತ್ತೇವೆ. ಇದಕ್ಕೆ ಬೇಕಾದುದು ಒಂದು ಮಳೆಮಾಪಕ, ಒಂದು ಅಳತೆಯ ಕೋಲು, ಒಂದು ದಾಖಲೆ ಪುಸ್ತಕ. ಒಂದು ದಿನ 10 ಮಿಲಿಮೀಟರ್ ಮಳೆ ಬಿದ್ದಿತೆನ್ನೋಣ. ಮೇಲಿನ ಚಾವಣಿಯಿಂದ ತೊಟ್ಟಿಗೆ ಸುಮಾರು 800 ಲೀಟರ್ ಬರಬೇಕು. ತೊಟ್ಟಿಯ ತಳ 4 ಚದರ ಮೀಟರ್ ಆಗಿದ್ದರೆ ನೀರಿನ ಮಟ್ಟ 20 ಸೆಂಟಿಮೀಟರ್ ಏರಬೇಕು. ಹತ್ತೇ ಸೆಂಟಿಮೀಟರ್ ಏರಿದೆಯೆ? ಹಾಗಾದರೆ ಅರ್ಧದಷ್ಟು ನೀರು ದಾರಿಯಲ್ಲಿಯೇ ತಪ್ಪಿಸಿಕೊಂಡಿದೆ. ದೋಣಿಯಲ್ಲಿ ಎಲೆ ಸೇರಿಕೊಂಡಿರಬಹುದು, ಕೊಳವೆಯ ಕೀಲು ಬಿಟ್ಟಿರಬಹುದು. ಇನ್ನು, ಯಾರೂ ನೀರು ಮುಟ್ಟದ ಭಾನುವಾರದಂದು ಮಟ್ಟ ಇಳಿದರೆ ತೊಟ್ಟಿಯೇ ಸೋರುತ್ತಿದೆಯೆಂದರ್ಥ. ದೋಷವನ್ನು ಕಣ್ಣು ಕಾಣುವ ಮೊದಲೇ ಅಂಕಿ ಹೇಳಿಬಿಡುತ್ತದೆ.

ಶುಚಿತ್ವಕ್ಕೂ ಕ್ರಮವುಂಟು. ಮಳೆಯ ಮೊದಲ ಒಂದೆರಡು ಮಿಲಿಮೀಟರ್ ನೀರು ಚಾವಣಿಯ ಧೂಳನ್ನೂ ಹಕ್ಕಿಗಳ ಹಿಕ್ಕೆಯನ್ನೂ ತೊಳೆದು ತರುತ್ತದೆ. ಈ 100ರಿಂದ 200 ಲೀಟರನ್ನು ಹೊರಕ್ಕೆ ಬಿಡಬೇಕು. ಪಾಚಿ ಬೆಳೆಯದಂತೆ ತೊಟ್ಟಿಯೊಳಗೆ ಬೆಳಕು ಬೀಳಬಾರದು. ಸೊಳ್ಳೆ ಸೇರದಂತೆ ತೆರಪುಗಳಿಗೆ ಸಣ್ಣ ಕಣ್ಣಿನ ಜಾಲರಿಯಿರಬೇಕು. ಇಷ್ಟಾದರೂ ಕುಡಿಯುವ ಮುನ್ನ ಕುದಿಸುವುದು ಅಥವಾ ತಕ್ಕ ಪ್ರಮಾಣದಲ್ಲಿ ಕ್ಲೋರಿನ್ ಬೆರೆಸುವುದು ಕ್ಷೇಮ.

ಇನ್ನು ಬೆಳಕಿನ ವಿಚಾರ. ಸೌರಫಲಕವನ್ನು ದಕ್ಷಿಣಕ್ಕೆ ಮುಖಮಾಡಿ, ಆ ಊರಿನ ಅಕ್ಷಾಂಶದಷ್ಟು, ಅಂದರೆ ಪಾವಗಡದಲ್ಲಿ ಸುಮಾರು 14 ಡಿಗ್ರಿ, ಓರೆಯಾಗಿ ನಿಲ್ಲಿಸುತ್ತಾರೆ. 100 ವಾಟಿನ ಫಲಕವು 5 ಗಂಟೆಗಳ ಪೂರ್ಣ ಬಿಸಿಲಿನಲ್ಲಿ 500 ವಾಟ್-ಗಂಟೆ ಶಕ್ತಿ ಕೊಡುತ್ತದೆ. ನಷ್ಟ ಕಳೆದು 350 ಉಳಿದರೆ, 10 ವಾಟಿನ 5 ದೀಪಗಳು 7 ಗಂಟೆ ಉರಿಯುತ್ತವೆ. ಫಲಕದ ಧೂಳನ್ನು ಒರೆಸುವುದೂ ಅದರ ಮೇಲೆ ಮರದ ನೆರಳು ಬೀಳದಂತೆ ನೋಡುವುದೂ ಸುಲಭ. ಜೋಪಾನ ಬೇಕಾದುದು ಬ್ಯಾಟರಿಗೆ.

ಸೀಸದ ಬ್ಯಾಟರಿ ಬರಿದಾಗುವಾಗ ಅದರ ತಟ್ಟೆಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಬೇಗ ಮತ್ತೆ ತುಂಬಿದರೆ ಅದು ಕರಗುತ್ತದೆ. ಬಹುಕಾಲ ಬರಿದಾಗಿ ಬಿಟ್ಟರೆ ಗಟ್ಟಿ ಹರಳಾಗಿ ಬ್ಯಾಟರಿಯನ್ನು ಕೊಲ್ಲುತ್ತದೆ. ಆದಕಾರಣ ಮಕ್ಕಳು ಪ್ರತಿದಿನ ವೋಲ್ಟ್‌ಮಾಪಕದಿಂದ ಅಳೆದು ಬರೆದಿಡಬೇಕು. 12 ವೋಲ್ಟಿನ ಬ್ಯಾಟರಿಯೊಂದು ವಿಶ್ರಾಂತಿಯಲ್ಲಿದ್ದಾಗ 12.7 ತೋರಿಸಿದರೆ ತುಂಬಿದೆಯೆಂದೂ, 12.2ಕ್ಕೆ ಇಳಿದರೆ ಅರ್ಧ ಬರಿದಾಗಿದೆಯೆಂದೂ ತಿಳಿಯಬೇಕು. ಭಟ್ಟಿಯಿಳಿಸಿದ ನೀರನ್ನು ಎರೆಯುವ ಕೆಲಸ ಮಾತ್ರ ಹಿರಿಯರದೇ, ಒಳಗಿರುವುದು ಗಂಧಕಾಮ್ಲ.

ಸ್ಥಳೀಯರು ಇಂಥ ಯಂತ್ರಗಳನ್ನು ನಡೆಸಬಲ್ಲರೆಂಬುದಕ್ಕೆ ನಿದರ್ಶನವುಂಟು. ಭಾರತೀಯ ವಿಜ್ಞಾನ ಮಂದಿರದಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರವು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಗೋಬರ್ ಅನಿಲದ ಸ್ಥಾವರವನ್ನು ಕಟ್ಟಿತು. 1980ರ ದಶಕದ ಕೊನೆಯಿಂದ ಆ ಅನಿಲವು ಎಂಜಿನ್ ನಡೆಸಿ ಮನೆಗಳಿಗೆ ನೀರನ್ನೂ ಬೆಳಕನ್ನೂ ಕೊಟ್ಟಿತು. ನಡೆಸಿದವರು ಊರಿನ ಯುವಕರೇ. 1995ರಲ್ಲಿ ಸ್ಥಾಪಿತವಾದ, ಸಾರಕ್ಕಿಯ ನೆರೆಯ ಜೆ.ಪಿ. ನಗರದಿಂದ ಕಾರ್ಯಮಾಡುತ್ತಿರುವ ಸೆಲ್ಕೊ ಸಂಸ್ಥೆಯು ಹಳ್ಳಿಯ ಶಾಲೆಗಳಲ್ಲಿ ಬೇರೊಂದು ಉಪಾಯ ಹೂಡಿತು. ಸೌರಫಲಕ ಶಾಲೆಯಲ್ಲಿರುತ್ತದೆ, ಪುಟ್ಟ ಬ್ಯಾಟರಿ ಮಗುವಿನೊಡನೆ ಮನೆಗೆ ಹೋಗುತ್ತದೆ. ರಾತ್ರಿ ಓದಲು ಬೆಳಕು ಬೇಕೆಂದರೆ, ಬ್ಯಾಟರಿ ತುಂಬಿಸಲು ಶಾಲೆಗೆ ಬರಲೇಬೇಕು!

ನಗರದ ವಿದ್ಯಾರ್ಥಿಗಳಿಗೂ ಈ ಪಾಠ ಹೊರತಲ್ಲ. ಸಾರಕ್ಕಿಗೆ ದೂರವಲ್ಲದ ಜಯನಗರದಲ್ಲಿ 2011ರಲ್ಲಿ ತೆರೆದ, ವಿಶ್ವೇಶ್ವರಯ್ಯನವರ ಹೆಸರಿನ ಮಳೆಕೊಯ್ಲಿನ ಉದ್ಯಾನವು ಇದಕ್ಕೆ ಒಳ್ಳೆಯ ಪಾಠಶಾಲೆ. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್. ನಾವು ಮೇಲೆ ಲೆಕ್ಕಕ್ಕೆ ಹಿಡಿದುದರ ಹೆಚ್ಚುಕಡಿಮೆ ಇಮ್ಮಡಿ. ನಿಮ್ಮ ಶಾಲೆಯ ಚಾವಣಿಯನ್ನು ಅಳೆಯಿರಿ, ಗುಣಿಸಿರಿ, ಅದರಲ್ಲಿ ಎಷ್ಟು ಚರಂಡಿಗೆ ಹರಿಯುತ್ತಿದೆಯೆಂದು ನೋಡಿರಿ. ಆ ಮೇಲೆ ಅಷ್ಟು ನೀರನ್ನು ಕಾವೇರಿಯಿಂದ ಎತ್ತಿ ತರಲು ಎಷ್ಟು ಯೂನಿಟ್ ವಿದ್ಯುತ್ ವ್ಯಯವಾಗುತ್ತದೆಂಬುದನ್ನೂ ಲೆಕ್ಕಹಾಕಿರಿ.