ತೊಟ್ಟಿಲು ಕಟ್ಟಲು ಎಷ್ಟು ಜನ ಬೇಕು?

ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ನಾವು ಕಂಪನಿಯವರ ಹತ್ರ ಪ್ಯಾಕೇಜ್ ಎಷ್ಟು, ಬಾಂಡ್ ಇದೆಯಾ, ಕ್ಯಾಬ್ ಬರುತ್ತಾ ಅಂತೆಲ್ಲ ಕೇಳುತ್ತೇವೆ. ಮಗುವಾದ ಮೇಲೆ ಕೆಲಸಕ್ಕೆ ಬಂದರೆ ಮಗುವನ್ನು ಎಲ್ಲಿ ಬಿಡುವುದು ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಗೆ ನಮ್ಮ ಕಾನೂನು 1948ರಲ್ಲೇ ಒಂದು ಉತ್ತರ ಕೊಟ್ಟಿತ್ತು. ಅದು ಕುಂದಾಪುರದ ಕೋಡಿಯಂಥ ಊರಿಗೆ ಎಷ್ಟರ ಮಟ್ಟಿಗೆ ತಲುಪುತ್ತದೆ, ನೋಡೋಣ.

1948ರ ಕಾರ್ಖಾನೆಗಳ ಕಾಯ್ದೆಯ 48ನೇ ಕಲಂ ಪ್ರಕಾರ 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕ್ರೆಶ್, ಅಂದರೆ ಶಿಶುಪಾಲನಾ ಕೇಂದ್ರ ಇರಬೇಕಿತ್ತು. 1976ರಲ್ಲಿ ಆ 50 ಅನ್ನು 30ಕ್ಕೆ ಇಳಿಸಿದರು. ಉದ್ದೇಶವೇನೋ ಒಳ್ಳೆಯದೇ. ಆದರೆ ಇದು ನಮ್ಮ ಸ್ಟೆಪ್ ಫಂಕ್ಷನ್ ಇದ್ದ ಹಾಗೆ. 30 ಮಹಿಳೆಯರಿರುವ ತನಕ ಖರ್ಚು ಸೊನ್ನೆ, 31ನೆಯವಳು ಬಂದ ದಿನ ಕೋಣೆ, ಆಯಾ, ಹಾಲು ಎಲ್ಲ ಒಟ್ಟಿಗೇ ಬೇಕು. ಲೆಕ್ಕ ಬಲ್ಲ ಮಾಲೀಕ 30ಕ್ಕೇ ನಿಲ್ಲಿಸಬಹುದು, ಇಲ್ಲವೇ ಆ ಜಾಗಕ್ಕೆ ಗಂಡಸನ್ನು ತೆಗೆದುಕೊಳ್ಳಬಹುದು. ತಾಯಂದಿರಿಗಾಗಿ ಮಾಡಿದ ನಿಯಮವೇ ಅವರ ಕೆಲಸಕ್ಕೆ ಅಡ್ಡ ಬರುವುದು ಹೀಗೆ.

ಈ ಡಿಸೈನ್ ದೋಷ ತಿದ್ದಲು 2017 ಬರಬೇಕಾಯಿತು. ಹೆರಿಗೆ ಸೌಲಭ್ಯ ಕಾಯ್ದೆಯ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು ಎಂಬುದು ಎಲ್ಲರಿಗೂ ಗೊತ್ತು. ನಮಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ಸಾಲು: ಗಂಡು ಹೆಣ್ಣೆನ್ನದೆ ಒಟ್ಟು 50 ನೌಕರರಿದ್ದರೆ ಕ್ರೆಶ್ ಕಡ್ಡಾಯ. ಈಗ ಹೆಂಗಸರನ್ನು ಕಡಿಮೆ ಮಾಡಿ ತಪ್ಪಿಸಿಕೊಳ್ಳಲಾಗದು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು. ಅಪ್ಪನಿಗೆ ಮಾತ್ರ ಆ ಹಕ್ಕಿಲ್ಲ. ತಲೆ ಎಣಿಸುವಾಗ ಬೇಕು, ತೊಟ್ಟಿಲು ತೂಗುವಾಗ ಬೇಡ!

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ 50ರ ನಿಯಮವನ್ನು ಉಳಿಸಿಕೊಂಡು, ಹಲವು ಸಂಸ್ಥೆಗಳು ಹಣ ಕೂಡಿಸಿ ಒಂದೇ ಕ್ರೆಶ್ ನಡೆಸಬಹುದು ಎಂದೂ ಹೇಳಿದೆ. ಕುಂದಾಪುರ, ಬೈಂದೂರು ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ಸಿಪ್ಪೆ ತೆಗೆಯುವವರು, ಬೀಜ ವಿಂಗಡಿಸುವವರು ಹೆಚ್ಚಾಗಿ ಹೆಂಗಸರೇ. ಅಕ್ಕಪಕ್ಕದ ಎರಡು ಮೂರು ಕಾರ್ಖಾನೆಗಳು ಸೇರಿದರೆ ಒಂದು ಒಳ್ಳೆಯ ಕ್ರೆಶ್ ದೊಡ್ಡ ಹೊರೆಯೇನಲ್ಲ.

ಕೋಡಿಯ ಕಥೆ ಬೇರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪಂಚಗಂಗಾವಳಿ, ಅಳಿವೆಯಾಚೆ ಗಂಗೊಳ್ಳಿ ಬಂದರು. ಮೀನು ಒಣಗಿಸುವ, ಬುಟ್ಟಿ ಹೊತ್ತು ಮಾರುವ, ಮನೆಯಲ್ಲೇ ಬೀಡಿ ಕಟ್ಟುವ ಹೆಂಗಸರಿಗೆ ಧಣಿ ಯಾರು? 1966ರ ಬೀಡಿ ಕಾಯ್ದೆಯಲ್ಲಿ ಕ್ರೆಶ್ ಇತ್ತು, ಆದರೆ ಅದು ಬೀಡಿ ಕೆಲಸದ ಕಟ್ಟಡಕ್ಕೆ, ಮನೆಯ ಜಗಲಿಗಲ್ಲ. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 4000 ಗ್ರಾಮ ಪಂಚಾಯತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಕೋಡಿ ಇರುವುದು ಕುಂದಾಪುರ ಪುರಸಭೆಯಲ್ಲಿ, ಹಾಗಾಗಿ ಅದೂ ಕೈಗೆ ಸಿಗದು. "ಮನೇಲ್ ಅಜ್ಜಿ ಇದ್ರಲೆ, ಕಾಣ್ಕಂತ್ರ್" ಅಂತ ಹೇಳಿಬಿಡುವುದು ಸುಲಭ. ಆ ಅಜ್ಜಿಯೂ ಮೀನು ಮಾರಲು ಹೋಗುವವರಾದರೆ?

ಅಮೆರಿಕದವರು ಕಡ್ಡಾಯ ಮಾಡುವ ಬದಲು ಆಸೆ ತೋರಿಸುತ್ತಾರೆ. 2001ರ ಕಾನೂನಿನಂತೆ ನೌಕರರ ಮಕ್ಕಳ ಪಾಲನೆಗೆ ಕಂಪನಿ ಮಾಡಿದ ಖರ್ಚಿನಲ್ಲಿ ಶೇ. 25ರಷ್ಟನ್ನು, ವರ್ಷಕ್ಕೆ ಗರಿಷ್ಠ 1,50,000 ಡಾಲರ್‌ವರೆಗೆ, ತೆರಿಗೆಯಲ್ಲಿ ಕಳೆಯುತ್ತಿದ್ದರು. 2026ರಿಂದ ಅದು ಶೇ. 40, ಮಿತಿ 5,00,000 ಡಾಲರ್. ದೊಡ್ಡ ತೆರಿಗೆ ಕಟ್ಟುವ ಕಂಪನಿಗೆ ಇದು ಸರಿ. ಮೀನಿನ ಬುಟ್ಟಿಗೆ ಯಾವ ತೆರಿಗೆ ರಿಯಾಯಿತಿ?

ನಮ್ಮ ಪ್ರಕಾರ ಕೋಡಿಗೆ ಒಗ್ಗುವುದು ಆ ಹಣ ಕೂಡಿಸುವ ದಾರಿಯೇ. ದೋಣಿ ಮಾಲೀಕರು, ಐಸ್ ಪ್ಲಾಂಟಿನವರು, ಮೀನಿನ ಏಜೆಂಟರು, ಜೊತೆಗೆ ಪುರಸಭೆ, ಎಲ್ಲರೂ ಒಂದೊಂದು ಪಾಲು ಹಾಕಬಹುದು. ಯಾರ ಬಳಿ ಎಷ್ಟು ಜನ ದುಡಿಯುತ್ತಾರೆ ಎಂದು ಎಣಿಸುವುದರ ಬದಲು ಬಂದರಿನ ಸುತ್ತ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸಬೇಕು. ಮತ್ತೆ, ಆ ಕ್ರೆಶ್‌ನ ಬಾಗಿಲು ಬೆಳಗಿನ ಹರಾಜಿಗೆ ಮೊದಲೇ ತೆರೆಯಬೇಕು. ಆಫೀಸ್ ಟೈಮ್ ನೋಡಿಕೊಂಡು ತೆರೆದರೆ ಅಷ್ಟರಲ್ಲಿ ಮೀನೆಲ್ಲ ಖಾಲಿಯಾಗಿರುತ್ತದೆ.