ನಿಮಗಿದು ಗೊತ್ತೇ? ಗುಂಡಿ ಒತ್ತಿದರೆ ಜೈಲು!

ಅಮೆರಿಕ ಎಂದರೆ ನಮಗೆ ಬಂದೂಕಿನ ಜಗಳ ನೆನಪಾಗುತ್ತದೆ. ಚಾಕುವಿನ ಜಗಳ ಅದಕ್ಕಿಂತ ವಿಚಿತ್ರ. ಲೈಸೆನ್ಸ್ ಪಡೆದು ಪಿಸ್ತೂಲನ್ನು ಸೊಂಟದಲ್ಲಿ ಮರೆಮಾಡಿಕೊಂಡು ತಿರುಗಬಹುದಾಗಿದ್ದ ರಾಜ್ಯಗಳಲ್ಲೇ ದೊಡ್ಡ ಚಾಕು ಹಿಡಿದು ಹೊರಟರೆ ಹಿಡಿದು ಹಾಕುತ್ತಿದ್ದರು. ಅಲಗಿನ ಉದ್ದ, ಬಿಚ್ಚುವ ರೀತಿ, ಬಚ್ಚಿಟ್ಟ ಜಾಗ, ಎಲ್ಲಕ್ಕೂ ಒಂದೊಂದು ಕಾಯ್ದೆ. ಕಳೆದ ಹದಿನೈದು ವರ್ಷಗಳಲ್ಲಿ ಇವು ಒಂದೊಂದಾಗಿ ಸಡಿಲಗೊಂಡಿವೆ. ಹೇಗೆ ಬಂದವು, ಹೇಗೆ ಹೋದವು? ಓದಿ ನೋಡಿ.

ಶುರುವಾದದ್ದು ಹೀಗೆ

● 1827ರ ಸೆಪ್ಟೆಂಬರ್ 19. ಮಿಸಿಸಿಪ್ಪಿ ನದಿಯ ಮರಳುದಿಬ್ಬದ ಮೇಲೆ ಇಬ್ಬರು ಪಿಸ್ತೂಲು ಹಿಡಿದು ದ್ವಂದ್ವಕ್ಕೆ ನಿಂತರು. ಇಬ್ಬರ ಗುಂಡೂ ಗುರಿ ತಪ್ಪಿತು, ಕೈ ಕುಲುಕಿ ರಾಜಿಯಾದರು. ಆದರೆ ಜೊತೆಗೆ ಬಂದವರು ಸುಮ್ಮನಿರಬೇಕಲ್ಲ! ಅವರೇ ಹೊಡೆದಾಟಕ್ಕಿಳಿದರು. ಗುಂಡೇಟು, ಇರಿತ ಎರಡನ್ನೂ ತಿಂದು ನೆಲಕ್ಕೆ ಬಿದ್ದಿದ್ದ ಜಿಮ್ ಬೋವೀ ತನ್ನ ದೊಡ್ಡ ಚೂರಿಯಿಂದ ಎದುರಾಳಿಯನ್ನು ಕೊಂದ. ಪತ್ರಿಕೆಗಳು ಸುದ್ದಿಯನ್ನು ಊರೂರಿಗೆ ಹಬ್ಬಿಸಿದವು. ‘ಬೋವೀ ಚೂರಿ’ ಬೇಕೆನ್ನುವವರ ಸಂಖ್ಯೆ ಬೆಳೆಯಿತು, ಅದರ ಹಿಂದೆಯೇ ಕಾಯ್ದೆಗಳೂ ಬಂದವು.

● 1837ರಲ್ಲಿ ಅಲಬಾಮಾ ರಾಜ್ಯ ಬೋವೀ ಚೂರಿಯ ಮಾರಾಟದ ಮೇಲೆ 100 ಡಾಲರ್ ತೆರಿಗೆ ಹಾಕಿತು. ಆ ಕಾಲಕ್ಕೆ ಅದು ಚೂರಿಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಮರುವರ್ಷ ಟೆನೆಸ್ಸೀ ಮಾರಾಟವನ್ನೇ ನಿಷೇಧಿಸಿತು.

● ಅದೇ 1837ರ ಡಿಸೆಂಬರ್‌ನಲ್ಲಿ ಅರ್ಕಾನ್ಸಾ ವಿಧಾನಸಭೆಯಲ್ಲಿ ತೋಳ ಕೊಂದವರಿಗೆ ಬಹುಮಾನ ಕೊಡುವ ಮಸೂದೆಯ ಚರ್ಚೆ ನಡೆಯುತ್ತಿತ್ತು. ಶಾಸಕ ಜೆ.ಜೆ. ಆಂಥೊನಿ ಆಡಿದ ಚುಚ್ಚುಮಾತಿಗೆ ಸ್ಪೀಕರ್ ಜಾನ್ ವಿಲ್ಸನ್ ಕೆರಳಿದರು. ಪೀಠ ಬಿಟ್ಟು ಇಳಿದು ಬಂದರು, ಕೈಯಲ್ಲಿ ಬೋವೀ ಚೂರಿ. ಆಂಥೊನಿ ಬಳಿಯೂ ಒಂದು ಚೂರಿ ಇತ್ತು. ಸದನದ ನೆಲದ ಮೇಲೆಯೇ ಶಾಸಕರ ಹೆಣ ಬಿತ್ತು. ಸ್ಪೀಕರ್ ಅವರನ್ನು ಸದನ ಉಚ್ಚಾಟಿಸಿತು, ಕೋರ್ಟು ಖುಲಾಸೆ ಮಾಡಿತು!

● ಬೋವೀ ಸತ್ತದ್ದು 1836ರಲ್ಲಿ, ಟೆಕ್ಸಾಸ್‌ನ ಅಲಾಮೊ ಕೋಟೆಯ ಕದನದಲ್ಲಿ. ಟೆಕ್ಸಾಸ್ ಪಾಲಿಗೆ ಆತ ವೀರ. ಅದೇ ಟೆಕ್ಸಾಸ್ 1871ರಲ್ಲಿ ಬೋವೀ ಚೂರಿ ಹೊತ್ತು ತಿರುಗುವುದನ್ನು ಅಪರಾಧ ಮಾಡಿತು. ವೀರನ ಹೆಸರಿಗೆ ಗೌರವ, ಅವನ ಚೂರಿಗೆ ಬೇಡಿ. ಇದು 2017ರವರೆಗೂ ನಡೆಯಿತು.

ಬಟನ್ ಚಾಕುವಿನ ಭೂತ

● ಗುಂಡಿ ಒತ್ತಿದ ಕೂಡಲೇ ಸ್ಪ್ರಿಂಗ್ ಬಲದಿಂದ ಅಲಗು ‘ಟಕ್’ ಎಂದು ಹೊರಬರುವ ಸ್ವಿಚ್‌ಬ್ಲೇಡ್ ಮೊದಲು ಯಾರಿಗೂ ಭಯ ಹುಟ್ಟಿಸಿರಲಿಲ್ಲ. ಜಾರ್ಜ್ ಶ್ರೇಡ್ ಎಂಬ ಕುಶಲಕರ್ಮಿ 1890ರ ದಶಕದಲ್ಲೇ ಇದರ ಪೇಟೆಂಟ್ ಪಡೆದಿದ್ದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪ್ಯಾರಾಶೂಟ್ ಸೈನಿಕರಿಗೂ ಇಂಥದ್ದನ್ನು ಕೊಟ್ಟಿದ್ದರು. ಹಗ್ಗ ಸಿಕ್ಕಿಕೊಂಡಾಗ ಒಂದೇ ಕೈಯಲ್ಲಿ ಬಿಚ್ಚಿ ಕತ್ತರಿಸಲಿ ಎಂದು.

● 1950ರಲ್ಲಿ ‘ವುಮನ್ಸ್ ಹೋಮ್ ಕಂಪ್ಯಾನಿಯನ್’ ಎಂಬ ಮಹಿಳಾ ಪತ್ರಿಕೆ, ಬಟನ್ ಚಾಕು ಎಂದರೆ ಪುಂಡ ಹುಡುಗರ ಕೈಯ ಕೊಲೆಗಡುಕ ಆಟಿಕೆ ಎಂದು ಲೇಖನ ಬರೆಯಿತು. ಅಲ್ಲಿಂದ ಹುಯ್ಯಲೆದ್ದಿತು. 1955ರ ‘ರೆಬೆಲ್ ವಿದೌಟ್ ಎ ಕಾಸ್’ ಸಿನಿಮಾ, 1957ರ ‘ವೆಸ್ಟ್ ಸೈಡ್ ಸ್ಟೋರಿ’ ನಾಟಕಗಳಲ್ಲಿ ಪುಂಡರ ಕೈಗೆ ಬಂದದ್ದೂ ಇದೇ ಚಾಕು.

● ಹಿಂದಿಯ ‘ಏಕ್ ರುಕಾ ಹುವಾ ಫೈಸ್ಲಾ’ ನೋಡಿದವರಿಗೆ ಆ ಚಾಕು ನೆನಪಿರುತ್ತದೆ. ಮೂಲ ಚಿತ್ರ 1957ರ ‘12 ಆಂಗ್ರಿ ಮೆನ್’. ಕೊಲೆಗೆ ಬಳಸಿದಂಥ ಚಾಕು ಇನ್ನೊಂದಿಲ್ಲ ಎಂದು ಉಳಿದ ಜ್ಯೂರಿ ಸದಸ್ಯರು ವಾದಿಸುತ್ತಿರುವಾಗ ನಟ ಹೆನ್ರಿ ಫೊಂಡಾ ಜೇಬಿನಿಂದ ಥೇಟ್ ಅಂಥದ್ದನ್ನೇ ತೆಗೆದು ಮೇಜಿಗೆ ಚುಚ್ಚುತ್ತಾರೆ. ಸ್ವಾರಸ್ಯ ಏನೆಂದರೆ, ನ್ಯೂಯಾರ್ಕ್ 1954ರಲ್ಲೇ ಬಟನ್ ಚಾಕುವನ್ನು ನಿಷೇಧಿಸಿತ್ತು. ಅದನ್ನು ಕೊಂಡದ್ದು ಕಾನೂನುಬಾಹಿರ ಎಂದು ಚಿತ್ರದಲ್ಲಿ ಆ ಪಾತ್ರವೇ ಒಪ್ಪಿಕೊಳ್ಳುತ್ತದೆ.

● 1958ರ ಆಗಸ್ಟ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಫೆಡರಲ್ ಸ್ವಿಚ್‌ಬ್ಲೇಡ್ ಕಾಯ್ದೆಗೆ ಸಹಿ ಹಾಕಿದರು. ವಿದೇಶದಿಂದ ತರಿಸುವಂತಿಲ್ಲ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಾಟಕ್ಕೆ ಸಾಗಿಸುವಂತಿಲ್ಲ. ಮೀರಿದರೆ 2,000 ಡಾಲರ್ ದಂಡ, 5 ವರ್ಷದವರೆಗೆ ಸೆರೆ. ಆದರೆ ರಾಜ್ಯದೊಳಗೆ ಇಟ್ಟುಕೊಳ್ಳಬಹುದೇ ಎಂಬುದನ್ನು ಆಯಾ ರಾಜ್ಯಕ್ಕೇ ಬಿಟ್ಟಿತು. ಇಂದಿನ ಗೋಜಲಿನ ಬೇರು ಇಲ್ಲಿದೆ.

● ಈ ಫೆಡರಲ್ ಕಾಯ್ದೆಯಲ್ಲಿ ಒಂದು ವಿನಾಯಿತಿ ಇದೆ: ಒಂದೇ ಕೈ ಇರುವವರು 3 ಇಂಚಿನೊಳಗಿನ ಬಟನ್ ಚಾಕು ಒಯ್ಯಬಹುದು. ಮೇನ್ ರಾಜ್ಯ ಇದೇ ವಿನಾಯಿತಿಯನ್ನು ತನ್ನ ಕಾಯ್ದೆಗೆ ಸೇರಿಸಿಕೊಳ್ಳಲು 2011ರವರೆಗೆ ಕಾಯಿತು. ಅಲ್ಲಿಯವರೆಗೆ ಒಂಟಿಗೈಯವರು ಮಡಚುಚಾಕುವನ್ನು ಹಲ್ಲಿನಿಂದ ಕಚ್ಚಿ ಬಿಚ್ಚಬೇಕಿತ್ತು. 2015ರಲ್ಲಿ ಮೇನ್ ನಿಷೇಧವನ್ನೇ ಕಿತ್ತುಹಾಕಿತು.

ಮಣಿಕಟ್ಟು ಝಾಡಿಸಿದರೆ ಕೇಸು

● ನ್ಯೂಯಾರ್ಕ್ 1958ರಲ್ಲಿ ‘ಗ್ರ್ಯಾವಿಟಿ ಚಾಕು’ವನ್ನೂ ನಿಷೇಧಿಸಿತು. ಗುರಿ ಇದ್ದದ್ದು ಜರ್ಮನ್ ಪ್ಯಾರಾಶೂಟ್ ಪಡೆಯ ಚಾಕುವಿನಂಥದ್ದರ ಮೇಲೆ: ಹಿಡಿಯನ್ನು ತಲೆಕೆಳಗು ಮಾಡಿದರೆ ಅಲಗು ತನ್ನ ಭಾರಕ್ಕೆ ತಾನೇ ಜಾರಿ ಹೊರಬರುತ್ತಿತ್ತು.

● ಅಂಥ ಚಾಕು ಮಾರುಕಟ್ಟೆಯಲ್ಲಿ ಅಪರೂಪವಾಯಿತು, ಕಾಯ್ದೆ ಮಾತ್ರ ಉಳಿಯಿತು. ಪೊಲೀಸರು ಅದನ್ನು ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಮಡಚುಚಾಕುವಿಗೆ ಅನ್ವಯಿಸತೊಡಗಿದರು. ಪರೀಕ್ಷೆ ಹೀಗೆ: ಪೇದೆ ನಿಮ್ಮ ಚಾಕುವಿನ ಹಿಡಿ ಹಿಡಿದು ಮಣಿಕಟ್ಟು ಜೋರಾಗಿ ಝಾಡಿಸುತ್ತಾರೆ. ಅಲಗು ಬಿಚ್ಚಿಕೊಂಡು ನಿಂತಿತೋ, ನೀವು ಅಪರಾಧಿ. ನಿಮ್ಮ ಕೈಯಲ್ಲಿ ಬಿಚ್ಚದ್ದು ಪೊಲೀಸರ ಪಳಗಿದ ಕೈಯಲ್ಲಿ ಬಿಚ್ಚಬಹುದು. ಒಂದು ವರ್ಷದವರೆಗೆ ಜೈಲು, ಹಳೆಯ ಶಿಕ್ಷೆಯ ದಾಖಲೆ ಇದ್ದರೆ ಏಳು ವರ್ಷದವರೆಗೆ.

● ‘ವಿಲೇಜ್ ವಾಯ್ಸ್’ ಪತ್ರಿಕೆ 2014ರಲ್ಲಿ ಲೆಕ್ಕ ಹಾಕಿದಂತೆ, ಹತ್ತು ವರ್ಷಗಳಲ್ಲಿ ಇಂಥ ಬಂಧನಗಳು ಸುಮಾರು 60,000ದವರೆಗೆ ಇರಬಹುದು. ಸಿಕ್ಕಿಬಿದ್ದವರಲ್ಲಿ ಬಡಗಿಗಳು, ಅಡುಗೆಯವರು, ರಟ್ಟಿನ ಪೆಟ್ಟಿಗೆ ಕತ್ತರಿಸುವ ಗೋದಾಮು ಕೆಲಸಗಾರರು. ಬಹುಪಾಲು ಕಪ್ಪು ಜನ ಮತ್ತು ಲ್ಯಾಟಿನೊ ಮೂಲದವರು.

● ಅವೇ ಚಾಕುಗಳನ್ನು ಮಾರಿದ ದೊಡ್ಡ ಅಂಗಡಿಗಳ ಗತಿ? 2010ರಲ್ಲಿ ಮ್ಯಾನ್‌ಹಟನ್‌ನ ಸರ್ಕಾರಿ ಅಭಿಯೋಜಕರ ಜೊತೆ ರಾಜಿ ಮಾಡಿಕೊಂಡು ಹಣ ಕಟ್ಟಿ ಪಾರಾದವು. ಕೊಂಡವರಿಗೆ ಬೇಡಿ, ಮಾರಿದವರಿಗೆ ರಸೀದಿ.

● ಇಲ್ಲಿ ಎಡ-ಬಲ ಒಂದಾದವು. ಬಡವರ ಪರ ವಾದಿಸುವ ಲೀಗಲ್ ಏಡ್ ಸೊಸೈಟಿ, ಕಾರ್ಮಿಕ ಸಂಘಗಳು, ಚಾಕು ಹಕ್ಕಿನ ಹೋರಾಟಗಾರರು, ಎಲ್ಲರೂ ಒಂದೇ ಮಸೂದೆಯ ಬೆನ್ನಿಗೆ ನಿಂತರು. ಗವರ್ನರ್ ಆಂಡ್ರೂ ಕ್ಯುಓಮೊ 2016ರಲ್ಲೂ 2017ರಲ್ಲೂ ತಳ್ಳಿಹಾಕಿದರು. 2019ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಧೀಶರು, ಬಾಣಸಿಗರೊಬ್ಬರು ಹೂಡಿದ ದಾವೆಯಲ್ಲಿ, ಈ ಕಾಯ್ದೆ ಅಸ್ಪಷ್ಟ ಎಂದರು. ಮೇ 30ರಂದು ಕ್ಯುಓಮೊ ಗ್ರ್ಯಾವಿಟಿ ಚಾಕುವಿನ ನಿಷೇಧ ತೆಗೆಯುವ ಮಸೂದೆಗೆ ಸಹಿ ಹಾಕಿದರು.

● ಬಟನ್ ಚಾಕು ಮಾತ್ರ ನ್ಯೂಯಾರ್ಕ್‌ನಲ್ಲಿ ಬಿಡುಗಡೆ ಕಾಣಲಿಲ್ಲ. ಬೇಟೆ ಅಥವಾ ಮೀನುಗಾರಿಕೆಯ ಲೈಸೆನ್ಸ್ ಇದ್ದರೆ ಆ ಕಸುಬಿನ ವೇಳೆ ಇಟ್ಟುಕೊಳ್ಳಬಹುದು, ಅಷ್ಟೇ.

ಸುಧಾರಣೆಯ ಸರದಿ

● 2009ರಲ್ಲಿ ಅಮೆರಿಕದ ಕಸ್ಟಮ್ಸ್ ಇಲಾಖೆ, ಹೆಬ್ಬೆರಳಿನಿಂದ ತುಸು ತಳ್ಳಿದರೆ ಉಳಿದದ್ದನ್ನು ಸ್ಪ್ರಿಂಗ್ ಮಾಡುವ ಚಾಕುಗಳನ್ನೂ ಸ್ವಿಚ್‌ಬ್ಲೇಡ್ ಪಟ್ಟಿಗೆ ಸೇರಿಸಲು ಹೊರಟಿತು. ಲಕ್ಷಾಂತರ ಮಂದಿಯ ಜೇಬಿಗೆ ಸಂಚಕಾರ ಬರುವ ಲಕ್ಷಣ! ಕಾಂಗ್ರೆಸ್ ಅದೇ ಅಕ್ಟೋಬರ್‌ನಲ್ಲಿ 1958ರ ಕಾಯ್ದೆಯನ್ನೇ ತಿದ್ದಿ ಅವಕ್ಕೆ ವಿನಾಯಿತಿ ಕೊಟ್ಟಿತು.

● 2010ರಲ್ಲಿ ನ್ಯೂ ಹ್ಯಾಂಪ್‌ಶೈರ್ ಬಟನ್ ಚಾಕು, ಬಾಕು, ಕಠಾರಿಗಳ ನಿಷೇಧವನ್ನು ಒಟ್ಟಿಗೇ ರದ್ದು ಮಾಡಿತು. ಮಸೂದೆ ತಂದ ಶಾಸಕಿ ಜೆನ್ ಕಾಫಿ ತುರ್ತು ವೈದ್ಯಕೀಯ ಸೇವೆಯಲ್ಲಿ ದುಡಿದವರು. ಅಪಘಾತದಲ್ಲಿ ಸೀಟ್ ಬೆಲ್ಟ್ ಕತ್ತರಿಸುವಾಗ ಇನ್ನೊಂದು ಕೈ ಗಾಯಾಳುವಿನ ಮೇಲಿರುತ್ತದೆ ಎಂಬುದು ಸುಧಾರಣೆ ಬೇಡುವವರ ಹಳೆಯ ವಾದ.

● ರಾಜ್ಯ ಬಿಟ್ಟರೂ ಊರು ಬಿಡುತ್ತಿರಲಿಲ್ಲ. ಹಿಂದೆ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದಲ್ಲಿ ಅಲಗು ಬಿಚ್ಚಿ ನಿಂತು ಲಾಕ್ ಆಗುವ ಚಾಕು ನಿಷಿದ್ಧವಾಗಿತ್ತು. ಷಿಕಾಗೊದಲ್ಲಿ ಅಲಗು ಎರಡೂವರೆ ಇಂಚು ದಾಟುವಂತಿಲ್ಲ. ನಗರಗಳು ತಮ್ಮದೇ ಚಾಕು ನಿಯಮ ಮಾಡುವಂತಿಲ್ಲ ಎಂದು ಮೊದಲು ಹೇಳಿದ ರಾಜ್ಯ ಅರಿಝೋನಾ, 2010ರಲ್ಲಿ. ಟೆಕ್ಸಾಸ್ 2015ರಲ್ಲಿ ಅದೇ ದಾರಿ ಹಿಡಿಯಿತು.

● ಲಾಸ್ ಏಂಜಲೀಸ್‌ನ ಇಕ್ಕಟ್ಟು ಕೇಳಿ. ಮಡಚಲು ಬಾರದ ಚಾಕುವನ್ನು ಬಟ್ಟೆಯೊಳಗೆ ಬಚ್ಚಿಟ್ಟರೆ ಕ್ಯಾಲಿಫೋರ್ನಿಯಾ ಕಾಯ್ದೆಯಂತೆ ಅಪರಾಧ. ಅದೇ ಚಾಕು 3 ಇಂಚು ಮುಟ್ಟಿ, ನಾಲ್ಕು ಜನಕ್ಕೆ ಕಾಣುವಂತೆ ಸೊಂಟಕ್ಕೆ ಸಿಕ್ಕಿಸಿದರೆ ನಗರದ ನಿಯಮದಂತೆ ಅಪರಾಧ. ಕಸುಬು, ಕ್ರೀಡೆ, ಧರ್ಮದ ಕಾರಣಗಳಿಗೆ ಮಾತ್ರ ನಗರ ವಿನಾಯಿತಿ ಕೊಡುತ್ತದೆ.

● 2017 ಸುಧಾರಕರಿಗೆ ಸುಗ್ಗಿಯ ವರ್ಷ. ಕೊಲರಾಡೊ, ಮಿಷಿಗನ್ ಬಟನ್ ಚಾಕುವಿನ ನಿಷೇಧ ಕೈಬಿಟ್ಟವು. ಜಾರ್ಜಿಯಾ ಅಲಗಿನ ಮಿತಿಯನ್ನು 5ರಿಂದ 12 ಇಂಚಿಗೆ ಏರಿಸಿತು. ಇಲಿನಾಯ್ ಬಟನ್ ಚಾಕುವಿಗೆ ಒಪ್ಪಿತು, ಆದರೆ ಒಂದು ಷರತ್ತು ಹಾಕಿತು: ಬಂದೂಕು ಮಾಲೀಕರ ಗುರುತಿನ ಚೀಟಿ ಇರಬೇಕು!

● ಅದೇ ವರ್ಷ ಟೆಕ್ಸಾಸ್‌ನ ಮಸೂದೆಗೆ ವಿಘ್ನ ಬಂತು. ಮೇ 1ರಂದು ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಒಬ್ಬ ಬೇಟೆ ಚಾಕು ಬೀಸಿ ವಿದ್ಯಾರ್ಥಿಯೊಬ್ಬನನ್ನು ಕೊಂದ. ಮಸೂದೆಗೆ ಒಂದು ಗಂಟು ಹಾಕಿ ಮುಂದೆ ತಂದರು. ಬೋವೀ ಚೂರಿಗೂ ಕತ್ತಿಗೂ ಅನುಮತಿ ಸಿಕ್ಕಿತು. ಆದರೆ ಐದೂವರೆ ಇಂಚಿಗಿಂತ ಉದ್ದದ ಅಲಗನ್ನು ಶಾಲೆ, ಬಾರ್, ಆಸ್ಪತ್ರೆ, ಮತಗಟ್ಟೆಯಂಥ ಜಾಗಗಳಿಗೆ ಒಯ್ಯುವಂತಿಲ್ಲ.

● ಪೆನ್ಸಿಲ್ವೇನಿಯಾದಲ್ಲಿ ಬಟನ್ ಚಾಕುವನ್ನು ಅಪರೂಪದ ವಸ್ತುವೆಂದು ಶೋಕೇಸಿನಲ್ಲಿಟ್ಟರೆ ಸರಿ, ಜೇಬಿನಲ್ಲಿಟ್ಟರೆ ತಪ್ಪು ಎನ್ನುವ ಸ್ಥಿತಿ ಇತ್ತು. 2023ರ ಜನವರಿಯಿಂದ ಅದು ಹೋಯಿತು. ಅದೇ ಜುಲೈಯಿಂದ ವರ್ಜೀನಿಯಾದಲ್ಲಿ ಮಾರಬಹುದು, ಕೊಳ್ಳಬಹುದು. ಬಚ್ಚಿಟ್ಟು ಒಯ್ಯುವುದು ಆಗಲೂ ತಪ್ಪೇ.

● ಎಲ್ಲಕ್ಕಿಂತ ನೇರ ಮಾತು ಓಹಾಯೊದ್ದು. 2021ರಲ್ಲಿ ಜಾರಿಗೆ ಬಂದ ಅಲ್ಲಿನ ತಿದ್ದುಪಡಿಯಂತೆ, ಆಯುಧವಾಗಿ ಬಳಸದ ಹೊರತು ಜೇಬಿನ ಚಾಕು ಮಾರಕಾಯುಧ ಎನಿಸಿಕೊಳ್ಳುವುದಿಲ್ಲ. ನೋಡಬೇಕಾದ್ದು ಚಾಕುವಿನ ಚಹರೆಯನ್ನೋ, ಹಿಡಿದವನ ನಡತೆಯನ್ನೋ? ಈ ಇಡೀ ಜಗಳ ನಿಂತಿರುವುದು ಇದೊಂದು ಪ್ರಶ್ನೆಯ ಮೇಲೆ.

ಕೋರ್ಟಿನ ಮೆಟ್ಟಿಲು

● ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿ ‘ಆಯುಧ’ ಎನ್ನುತ್ತದೆ, ‘ಬಂದೂಕು’ ಎನ್ನುವುದಿಲ್ಲ. ಆರಿಗಾನ್‌ನ ಸರ್ವೋಚ್ಚ ನ್ಯಾಯಾಲಯ 1984ರಲ್ಲೇ, ತನ್ನ ರಾಜ್ಯದ ಸಂವಿಧಾನದ ಆಧಾರದ ಮೇಲೆ, ಬಟನ್ ಚಾಕುವಿನ ನಿಷೇಧವನ್ನು ಹೊಡೆದುಹಾಕಿತ್ತು.

● 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಆಯುಧ ನಿಯಂತ್ರಣದ ಕಾಯ್ದೆಗೆ ದೇಶದ ಇತಿಹಾಸದಲ್ಲಿ ಪೂರ್ವನಿದರ್ಶನ ತೋರಿಸಿ ಎಂದಿತು. ಬೋವೀ ಕಾಲದ ಕಾಯ್ದೆಗಳ ಧೂಳನ್ನು ವಕೀಲರು ಮತ್ತೆ ಕೊಡವಿದರು. 2024ರ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಉಚ್ಚತಮ ನ್ಯಾಯಾಲಯ 1957ರ ಬಟನ್ ಚಾಕು ನಿಷೇಧವನ್ನು ರದ್ದು ಮಾಡಿತು.

● ಕಿರ್ಪಾಣ್ ಧರಿಸುವುದು ಸಿಖ್ ಧರ್ಮದ ಆಚರಣೆಯ ಭಾಗ ಎಂದು ಭಾರತ ಸಂವಿಧಾನದ 25ನೇ ವಿಧಿಯ ವಿವರಣೆ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಶಾಲಾ ಮಕ್ಕಳ ಕಿರ್ಪಾಣ್‌ಗೆ ವಿನಾಯಿತಿ ಕೊಡುವ ಮಸೂದೆಯನ್ನು ಗವರ್ನರ್ ಪೀಟ್ ವಿಲ್ಸನ್ 1994ರಲ್ಲಿ ತಡೆದರು. ಮರುವರ್ಷ ಫೆಡರಲ್ ಮೇಲ್ಮನವಿ ನ್ಯಾಯಾಲಯ ಮಧ್ಯದ ದಾರಿಗೆ ಸಮ್ಮತಿಸಿತು: ಅಲಗು ಮೊಂಡಾಗಿರಬೇಕು, ಒರೆಗೆ ಹೊಲಿದಿರಬೇಕು.

ಕೊನೆಗೆ ಒಂದಿಷ್ಟು

● ಎಫ್‌ಬಿಐ 2019ರ ಪಟ್ಟಿಯ 13,927 ಕೊಲೆಗಳಲ್ಲಿ ಬಂದೂಕಿನ ಪಾಲು 10,258, ಚಾಕು ಮತ್ತಿತರ ಹರಿತ ಸಾಧನಗಳದ್ದು 1,476. ಆ ಪಟ್ಟಿಯಲ್ಲಿ ಅಡುಗೆಮನೆಯ ಚಾಕುವೂ ಬಟನ್ ಚಾಕುವೂ ಒಂದೇ ಕಾಲಂ!

● ಬ್ರಿಟನ್ ನಡೆದದ್ದು ಉಲ್ಟಾ ದಾರಿ. ಬಟನ್ ಚಾಕುವಿನ ಮಾರಾಟ 1959ರಿಂದಲೇ ನಿಷಿದ್ಧ, 2024ರಲ್ಲಿ ‘ಝೋಂಬಿ ಶೈಲಿ’ಯ ಚಾಕುಗಳನ್ನೂ ಸೇರಿಸಿದರು.

● ನಮ್ಮ ಆಯುಧ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮೇಲೆ ಕಣ್ಣಿಟ್ಟಿವೆ, ಮನೆಬಳಕೆ ಮತ್ತು ಬೇಸಾಯದ ಸಾಧನಗಳನ್ನು ಹೊರಗಿಟ್ಟಿವೆ. ತೆಂಗಿನಕಾಯಿ ಕೆತ್ತುವ ಮಚ್ಚು ಅಂಗಳದಲ್ಲಿ ಸಾಧು, ರಸ್ತೆ ಜಗಳದಲ್ಲಿ ಸಾಕ್ಷ್ಯ.

● ವಿಮಾನದ ಕ್ಯಾಬಿನ್‌ಗೆ 6 ಸೆಂ.ಮೀ. ಒಳಗಿನ ಪುಟ್ಟ ಚಾಕು ಬಿಡುತ್ತೇವೆ ಎಂದು ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ 2013ರ ಮಾರ್ಚ್‌ನಲ್ಲಿ ಘೋಷಿಸಿತು. ಗಗನಸಖಿಯರು ಸಿಡಿದೆದ್ದರು, ಜೂನ್‌ನಲ್ಲಿ ಪ್ರಸ್ತಾಪ ಬಿದ್ದುಹೋಯಿತು. ಆದ್ದರಿಂದ ಮಗಳ ಮನೆಗೆಂದು ಅಮೆರಿಕಕ್ಕೆ ಹೊರಟವರು ಈಳಿಗೆಮಣೆಯನ್ನು ಕೈಚೀಲದಲ್ಲಿ ಇಡಬೇಡಿ. ಅಲಗಿಗೆ ದಪ್ಪ ಬಟ್ಟೆ ಸುತ್ತಿ ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ಅದಕ್ಕೆ ಗುಂಡಿಯೂ ಇಲ್ಲ, ಸ್ಪ್ರಿಂಗೂ ಇಲ್ಲ. 1958ರ ಕಾಯ್ದೆ ನಿಮ್ಮ ತಂಟೆಗೆ ಬರುವುದಿಲ್ಲ!